ಅಕ್ಷರದ ಜೋಳಿಗೆ ಹಿಡಿದ ಹಾನಗಲ್ಲ ಕುಮಾರ ಶಿವಯೋಗಿಗಳು



ಹಾನಗಲ್ಲ ಶ್ರೀ ಕುಮಾರ ಮಹಾಶಿವಯೋಗಿಗಳ ಹೆಸರು ನಮ್ಮವರಿಗೆ ಹೊಸದಲ್ಲ. ಅನೇಕ ಮಠಗಳ ಪಡಸಾಲೆಯಲ್ಲಿ ಅವರ ಭಾವಚಿತ್ರವಿದೆ. ಅವರ ಪುಣ್ಯತಿಥಿಗೆ ಭಜನೆಯಾಗುತ್ತದೆ, ದಾಸೋಹವಾಗುತ್ತದೆ. ಆದರೆ ಅವರು ಬಾಳಿದ್ದು ಹೇಗೆ, ಬಾಳಿನುದ್ದಕ್ಕೂ ಯಾವ ಕೊರತೆಯನ್ನು ತುಂಬಲು ಹೆಣಗಿದರು ಎಂಬುದನ್ನು ತಿಳಿದವರು ಕಡಿಮೆ. ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ, ಚರಿತ್ರೆ ಓದಿ ಅರಗಿಸಿಕೊಳ್ಳುವುದು ಕಷ್ಟ.

ಗಡಿಭಾಗದ ಭಕ್ತರು ಮಠಕ್ಕೆ ಬಂದಾಗ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದುಂಟು. ನಮ್ಮ ಶರಣರು ಕನ್ನಡದಲ್ಲಿ ವಚನ ಹೇಳಿದರು. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ತೆಲುಗನ್ನೋ ತಮಿಳನ್ನೋ ಮಲಯಾಳವನ್ನೋ ಕಲಿಯಲೇಬೇಕು, ಅದರ ಮೇಲೆ ಇಂಗ್ಲಿಷ್ ಬೇರೆ. ಮನೆಯ ಕನ್ನಡ ಉಳಿಸುವುದೇ ಸಾಹಸವಾಗಿರುವಾಗ ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನು ಏಕೆ ಕಲಿಸಬೇಕು ಎಂಬುದು ಆ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಹುಡುಕುವವರು ಕುಮಾರ ಶಿವಯೋಗಿಗಳ ಜೀವನವನ್ನು ನೋಡಬೇಕೆಂದು ನಾವು ಭಾವಿಸಿ ಈ ಲೇಖನವನ್ನು ಭಕ್ತರ ಮುಂದಿಡುತ್ತಿದ್ದೇವೆ.

ಹಾಲಯ್ಯನ ಬಾಲ್ಯ

ಅಂದಿನ ಧಾರವಾಡ ಜಿಲ್ಲೆಯ, ಇಂದು ಹಾವೇರಿ ಜಿಲ್ಲೆಗೆ ಸೇರಿದ ರಾಣೆಬೆನ್ನೂರು ತಾಲೂಕಿನಲ್ಲಿ ಜೋಯಿಸರಹರಳಹಳ್ಳಿ ಎಂಬ ಊರಿದೆ. ಆ ಊರಿನ ಸಾಲಿಮಠದ ಬಸವಯ್ಯ ಮತ್ತು ನೀಲಮ್ಮ ಎಂಬ ಜಂಗಮ ದಂಪತಿಗಳ ಉದರದಲ್ಲಿ 1867ರ ಸೆಪ್ಟೆಂಬರ್ 11ರಂದು ಒಂದು ಗಂಡುಮಗು ಜನಿಸಿತು. ಮಗುವಿಗೆ ಹಾಲಯ್ಯ ಎಂದು ಹೆಸರಿಟ್ಟರು. ಸಾಲಿಮಠ ಎಂಬ ಮನೆತನದ ಹೆಸರಿನಲ್ಲಿಯೇ ಸಾಲಿ, ಅಂದರೆ ಶಾಲೆ ಇದೆ. ಊರ ಮಕ್ಕಳಿಗೆ ಅಕ್ಷರ ಕಲಿಸಿದ ಮನೆತನ ಅದು. ಆದರೆ ಅಕ್ಷರವಿದ್ದ ಮನೆಯಲ್ಲಿ ಅನ್ನವಿರಲಿಲ್ಲ.

ಹಾಲಯ್ಯ ಒಂಬತ್ತು ಹತ್ತು ವರ್ಷದವನಿದ್ದಾಗ 1876ರಿಂದ 1878ರವರೆಗಿನ ಘೋರ ಬರಗಾಲ ಬಂದಿತು. ಧಾರವಾಡ, ಕಲಾದಗಿ, ಬಳ್ಳಾರಿ, ಸೊಲ್ಲಾಪುರ ಸೀಮೆಗಳು ಆ ಬರಗಾಲದಲ್ಲಿ ಬೆಂದುಹೋದವು. ಊರಿಗೆ ಊರೇ ಗುಳೆ ಎದ್ದು ಹೋದ ಕಾಲವದು. ಅಂಥ ದಿನಗಳನ್ನು ಕಂಡ ಹುಡುಗ ಕಜ್ಜರಿ ಎಂಬ ಊರಿನ ಶಾಲೆಗೆ ಹೋಗಿ ಕಲಿಯತೊಡಗಿದ. ಅಲ್ಲಿ ಊಟಕ್ಕೆ ಕಂತಿ ಭಿಕ್ಷೆಯೇ ಗತಿ. ಮನೆಮನೆಗೆ ಹೋಗಿ ರೊಟ್ಟಿ ಬೇಡಿ ತಂದು, ಉಂಡು, ಮಿಕ್ಕ ವೇಳೆಯಲ್ಲಿ ಪಾಠ ಓದುವುದು. ಜೋಳಿಗೆ ಹಿಡಿದವನಿಗೆ ವಿದ್ಯೆಯ ಬೆಲೆ ಏನೆಂಬುದು ಪುಸ್ತಕದಿಂದ ತಿಳಿಯಬೇಕಾಗಿಲ್ಲ.

ಆ ಕಾಲದಲ್ಲಿ ಮುಲ್ಕಿ ಪರೀಕ್ಷೆ ಎಂಬುದು ದೊಡ್ಡದಾಗಿತ್ತು. ಅದನ್ನು ಪಾಸು ಮಾಡಿದವನಿಗೆ ಶಾಲಾ ಮಾಸ್ತರಿಕೆ, ಕಚೇರಿಯ ಕಾರಕೂನಿಕೆ ಸಿಗುವ ಸಂಭವವಿತ್ತು. ಹಾಲಯ್ಯನವರು ಆ ಪರೀಕ್ಷೆಗೆ ಕುಳಿತು ನಪಾಸಾದರು. ಬೇರೊಬ್ಬರಾಗಿದ್ದರೆ ವಿದ್ಯೆ ನಮ್ಮ ಹಣೆಯಲ್ಲಿ ಬರೆದಿಲ್ಲವೆಂದು ಕೈಚೆಲ್ಲುತ್ತಿದ್ದರು. ಇವರು ಲಿಂಗದಹಳ್ಳಿಗೆ ಹೋಗಿ ಖಾಸಗಿ ಶಾಲೆಯೊಂದನ್ನು ನಡೆಸಿ, ರೈತರ ಮಕ್ಕಳಿಗೆ ಓದು ಬರಹ ಲೆಕ್ಕ ಕಲಿಸಿದರು. ಹಗಲು ಮಕ್ಕಳಿಗೆ ಪಾಠ ಹೇಳುವುದು, ಉಳಿದ ವೇಳೆಯಲ್ಲಿ ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಓದುವುದು, ಇದೇ ಅವರ ದಿನಚರಿಯಾಯಿತು.

ಇಲ್ಲಿ ನಿಜಗುಣರ ವಿಷಯ ಒಂದೆರಡು ಮಾತು ಹೇಳಬೇಕು. ನಿಜಗುಣರು ಸಂಸ್ಕೃತದಲ್ಲಿದ್ದ ಶಾಸ್ತ್ರಗಳ ಸಾರವನ್ನು ಕನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದ ಮಹಾನುಭಾವರು. ಸಂಸ್ಕೃತದ ಶಿವಯೋಗ ಪ್ರದೀಪಿಕೆಗೆ ಅವರು ಬರೆದ ಕನ್ನಡ ವ್ಯಾಖ್ಯಾನವೇ ಪರಮಾರ್ಥ ಪ್ರಕಾಶಿಕೆ. ಅವರ ವಿವೇಕಚಿಂತಾಮಣಿ ಅಂದಿನ ವಿದ್ಯೆಗಳನ್ನೆಲ್ಲ ಒಂದೆಡೆ ಕೂಡಿಸಿಟ್ಟ ಕಣಜ. ಅದು ಮರಾಠಿಗೂ ತಮಿಳಿಗೂ ಹೋಯಿತು. ಅಂದರೆ ಸಂಸ್ಕೃತದಿಂದ ಕನ್ನಡಕ್ಕೆ, ಕನ್ನಡದಿಂದ ನೆರೆಯ ಭಾಷೆಗಳಿಗೆ ಜ್ಞಾನ ಹರಿದ ಕಾಲುವೆ ನಮ್ಮ ಸಂಪ್ರದಾಯದಲ್ಲಿ ಮೊದಲೇ ಇತ್ತು. ಹಾಲಯ್ಯನವರು ಆ ಕಾಲುವೆಯ ನೀರು ಕುಡಿದೇ ಬೆಳೆದರು.

ಗುರುವಿನ ಹುಡುಕಾಟ

ಮಾಸ್ತರಿಕೆಯಲ್ಲಿ ಮನಸ್ಸು ನಿಲ್ಲಲಿಲ್ಲ. ತಾಯಿಯ ಅಪ್ಪಣೆ ಪಡೆದು, ತಾವು ಕೂಡಿಟ್ಟಿದ್ದ ಹಣವನ್ನು ಆಕೆಗೆ ಒಪ್ಪಿಸಿ ಮನೆಬಿಟ್ಟರೆಂದು ಅವರ ಚರಿತ್ರೆಗಳು ಹೇಳುತ್ತವೆ. ಮೊದಲು ಹುಬ್ಬಳ್ಳಿಗೆ ಹೋಗಿ ಶ್ರೀ ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತ ಶ್ರವಣ ಮಾಡಿದರು. ಅಲ್ಲಿಯ ವೇದಾಂತ ಬುದ್ಧಿಗೆ ರುಚಿಸಿತು. ಆದರೆ ಇಷ್ಟಲಿಂಗದ ಉಪಾಸನೆಗೆ ಶಾಸ್ತ್ರದ ಆಧಾರವೇನು, ಅದರ ಸಾಧನೆಯ ಕ್ರಮವೇನು ಎಂಬ ಸಂಶಯ ಉಳಿದೇ ಇತ್ತು.

ಆ ಸಂಶಯವನ್ನು ನೀಗಿದವರು ಎಳಂದೂರಿನ ಬಸವಲಿಂಗ ಸ್ವಾಮಿಗಳು. ಇಷ್ಟಲಿಂಗದ ಮರ್ಮವನ್ನು ಶಾಸ್ತ್ರದಿಂದಲೂ ಅನುಭವದಿಂದಲೂ ತಿಳಿಸಿಕೊಟ್ಟ ಆ ಗುರುಗಳೊಂದಿಗೆ ಹಾಲಯ್ಯನವರು ದಕ್ಷಿಣಕ್ಕೆ ಹೋಗಿ, ನಿಜಗುಣರು ತಪಸ್ಸು ಮಾಡಿದ ಶಂಭುಲಿಂಗನ ಬೆಟ್ಟದಲ್ಲಿ ಸಾಧನೆ ಮಾಡಿದರು. ಆ ಬೆಟ್ಟವಿರುವ ಕೊಳ್ಳೇಗಾಲದ ಸೀಮೆ 1956ರವರೆಗೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ತಾಳವಾಡಿಯ ನಮ್ಮ ಭಕ್ತರಿಗೆ ಅದು ನೆರೆಯ ನೆಲ. ಶರಣರ ಜ್ಞಾನಕ್ಕೆ ಸರಕಾರದ ಗಡಿಕಲ್ಲು ಎಂದೂ ಅಡ್ಡಬಂದಿಲ್ಲ.

ಉತ್ತರಕ್ಕೆ ಮರಳಿದ ಮೇಲೆ ಹಾನಗಲ್ಲ ವಿರಕ್ತಮಠದ ಅಧಿಕಾರ ಅವರ ಪಾಲಿಗೆ ಬಂದಿತು. ಹಾಲಯ್ಯನವರು ಹಾನಗಲ್ಲ ಕುಮಾರ ಸ್ವಾಮಿಗಳಾದರು. ಮಠದ ಗದ್ದುಗೆ ಏರಿದವರು ಮೊದಲು ಕೈಹಾಕಿದ್ದು ಪಾಠಶಾಲೆಗೆ. ಹುಡುಗರನ್ನು ಕೂಡಿಸಿ ಅನ್ನವಿಕ್ಕಿ ಕನ್ನಡ ಮತ್ತು ಸಂಸ್ಕೃತ ಕಲಿಸುವ ವ್ಯವಸ್ಥೆ ಮಾಡಿದರು. ಆ ವರ್ಷಗಳಲ್ಲಿ ಬರ ಒಂದು ಕಡೆ, ಹುಬ್ಬಳ್ಳಿ ಧಾರವಾಡ ಭಾಗದಲ್ಲಿ ಪ್ಲೇಗು ಇನ್ನೊಂದು ಕಡೆ. ಕಜ್ಜರಿಯಲ್ಲಿ ತಾವು ಹಿಡಿದ ಜೋಳಿಗೆಯನ್ನು ಸ್ವಾಮಿಗಳಾದ ಮೇಲೂ ಅವರು ಕೆಳಗಿಡಲಿಲ್ಲ. ಮೊದಲು ತಮ್ಮ ಹೊಟ್ಟೆಗಾಗಿ ಬೇಡಿದ್ದರು, ಈಗ ಮಕ್ಕಳ ಹೊಟ್ಟೆ ಮತ್ತು ಮಕ್ಕಳ ವಿದ್ಯೆಗಾಗಿ ಬೇಡಿದರು.

ನಮ್ಮ ದಸ್ತಾವೇಜು, ಬೇರೆಯವರ ಬಾಯಿ

ಅವರು ಸಂಸ್ಕೃತಕ್ಕೆ ಅಷ್ಟು ಮಹತ್ವ ಕೊಟ್ಟುದೇಕೆ? ಇದನ್ನು ತಿಳಿಯಲು ಆ ಕಾಲದ ಸ್ಥಿತಿ ತಿಳಿಯಬೇಕು.

1881ರ ಮೈಸೂರು ಜನಗಣತಿಯಲ್ಲಿ ಲಿಂಗಾಯತರನ್ನು ಶೂದ್ರರ ಪಟ್ಟಿಯಲ್ಲಿ ಬರೆದರು. ಇದರಿಂದ ಸಮಾಜದಲ್ಲಿ ಕಳವಳ ಹುಟ್ಟಿತು. ಅರ್ಜಿಗಳು ಹೋದವು, ವಾದವಿವಾದ ನಡೆದವು. ಲಿಂಗಧಾರಣೆಗೆ ಶಾಸ್ತ್ರಾಧಾರವಿದೆಯೇ, ದೀಕ್ಷಾಧಿಕಾರ ಯಾರಿಗೆ ಎಂಬ ಪ್ರಶ್ನೆಗಳನ್ನು ಬೇರೆಯವರು ಎತ್ತಿದಾಗ ಉತ್ತರ ಕೊಡಲು ಸಂಸ್ಕೃತ ಗ್ರಂಥಗಳನ್ನು ಬಿಚ್ಚಬೇಕಿತ್ತು. ಗ್ರಂಥಗಳು ನಮ್ಮ ಮಠಗಳ ಅಟ್ಟದ ಮೇಲೆಯೇ ಇದ್ದವು. ತಾಳೆಗರಿಯ ಕಟ್ಟುಗಳಿಗೆ ಬಿಲ್ವಪತ್ರಿ ಏರಿಸಿ ಪೂಜೆ ಮಾಡುತ್ತಿದ್ದರು, ಆದರೆ ಬಿಚ್ಚಿ ಓದಬಲ್ಲವರು ವಿರಳ. ಅನೇಕ ಕಟ್ಟುಗಳು ಗೆದ್ದಲ ಪಾಲಾಗಿದ್ದವು. ಸಂಸ್ಕೃತ ಬಲ್ಲ ಪಂಡಿತರು ಬಹುತೇಕ ಬೇರೆ ಮತದವರು. ಅವರಲ್ಲಿ ಉದಾರಿಗಳೂ ಇದ್ದರು, ನಮ್ಮ ಹುಡುಗರಿಗೆ ಪಾಠ ಹೇಳಲು ಒಪ್ಪದವರೂ ಇದ್ದರು.

ಒಕ್ಕಲುತನದ ಮಾತಿನಲ್ಲಿ ಹೇಳುವುದಾದರೆ, ಹೊಲ ನಮ್ಮದು, ಹೊಲದ ಕಾಗದ ಓದಲು ಮಾತ್ರ ಬೇರೆಯವರು ಬೇಕು ಎಂಬಂತಾಗಿತ್ತು. ಸೊಲ್ಲಾಪುರ ಜತ್ತಿನ ಕಡೆಯ ನಮ್ಮ ರೈತರು ಸಾತಬಾರಾ ಉತಾರವನ್ನು, ಆದವಾನಿ ರಾಯದುರ್ಗದ ಕಡೆಯವರು ಅಡಂಗಲ್ಲನ್ನು, ಹೊಸೂರಿನವರು ಪಟ್ಟಾವನ್ನು ಓದಿಸಿಕೊಳ್ಳಲು ಇನ್ನೊಬ್ಬರ ಬಾಗಿಲಿಗೆ ಹೋದರೆ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಓದುವವನು ಪ್ರಾಮಾಣಿಕನಾದರೆ ಸರಿ, ಇಲ್ಲವಾದರೆ ಹತ್ತು ಎಕರೆಯಲ್ಲಿ ಎಂಟು ಉಳಿದೀತು. ಅಡತಿ ಅಂಗಡಿಯ ಕಿರ್ದಿಯನ್ನು ತಾನು ಓದಲಾರದ ಸಾವುಕಾರ ಎಷ್ಟು ದಿನ ಸಾವುಕಾರನಾಗಿದ್ದಾನು? ಧರ್ಮದ ಲೆಕ್ಕವೂ ಹೀಗೆಯೇ ಎಂಬುದನ್ನು ಕುಮಾರ ಶಿವಯೋಗಿಗಳು ಕಂಡುಕೊಂಡರು.

ಇನ್ನೊಂದು ಕೊರತೆ ಒಳಗಿನದು. ಊರೂರಿಗೆ ಮಠಗಳಿದ್ದವು, ಮಠಕ್ಕೊಬ್ಬ ಸ್ವಾಮಿಗಳಿದ್ದರು. ಆದರೆ ದೀಕ್ಷೆ ಕೊಡುವಾಗ ಹೇಳುವ ಮಂತ್ರದ ಅರ್ಥ ಹೇಳುವವರಿಗೇ ತಿಳಿಯದ ಸ್ಥಿತಿ ಅನೇಕ ಕಡೆಗಿತ್ತು. ಗುರುವಿಗೆ ತಿಳಿಯದ್ದು ಶಿಷ್ಯನಿಗೆ ತಿಳಿಯುವುದೆಂತು? ಸಮಾಜ ಮೇಲೇಳಬೇಕಾದರೆ ಮೊದಲು ಮಠ ಮೇಲೇಳಬೇಕು, ಮಠ ಮೇಲೇಳಬೇಕಾದರೆ ಸ್ವಾಮಿಗಳು ಕಲಿಯಬೇಕು ಎಂಬುದು ಅವರ ನಿಶ್ಚಯವಾಯಿತು. ಕಾವಿ ಬಟ್ಟೆಯೊಂದೇ ಸಾಲದು, ಅದರೊಳಗೆ ವಿದ್ಯೆಯೂ ಇರಬೇಕು ಎಂಬ ಈ ವಿಚಾರ ಆಗಿನ ಕಾಲಕ್ಕೆ ಸಣ್ಣದಾಗಿರಲಿಲ್ಲ.

1904ರ ಮಹಾಸಭೆ

1904ರಲ್ಲಿ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಹುಟ್ಟಿತು. ಆಗ ಅವರಿಗೆ ನಾಲ್ವತ್ತು ತುಂಬಿರಲಿಲ್ಲ. ಮೊದಲ ಅಧಿವೇಶನದ ಅಧ್ಯಕ್ಷರಾದವರು ತ್ಯಾಗವೀರ ಸಿರಸಂಗಿ ಲಿಂಗರಾಜರು. 1906ರಲ್ಲಿ ಲಿಂಗರಾಜರು ಲಿಂಗೈಕ್ಯರಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸ್ವಾಮಿಗಳು, ದೇಸಾಯರು, ವಕೀಲರು, ವರ್ತಕರು ಒಂದೇ ಚಪ್ಪರದ ಕೆಳಗೆ ಕುಳಿತು ವಿದ್ಯೆಯ ಮಾತನ್ನಾಡಿದ್ದು ಆ ಸಭೆಯ ವಿಶೇಷ. ಸಮಾಜಕ್ಕೆ ಇಂಗ್ಲಿಷ್ ವಿದ್ಯೆಯೂ ಬೇಕು, ಧರ್ಮಶಿಕ್ಷಣವೂ ಬೇಕು, ಗ್ರಂಥಗಳು ಅಚ್ಚಾಗಬೇಕು ಎಂಬ ವಿಚಾರ ಅಲ್ಲಿಂದ ಬಲಗೊಂಡಿತು.

ಇದೇ ಹೊತ್ತಿಗೆ ಗಡಿನಾಡಿನ ವರ್ತಕರೊಬ್ಬರು ಮಾಡಿದ ಕೆಲಸವನ್ನು ನಮ್ಮ ಭಕ್ತರು ಅಭಿಮಾನದಿಂದ ನೆನೆಯಬೇಕು. ಸೊಲ್ಲಾಪುರದ ರಾವಬಹಾದ್ದೂರ ವಾರದ ಮಲ್ಲಪ್ಪನವರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತಮ್ಮ ದುಡ್ಡು ಹಾಕಿ ವೀರಶೈವ ಸಂಸ್ಕೃತ ಗ್ರಂಥಗಳ ಮಾಲೆಯನ್ನು ಅಚ್ಚು ಹಾಕಿಸಿದರು. ಸಿದ್ಧಾಂತ ಶಿಖಾಮಣಿ ಮತ್ತು ಆಗಮ ಗ್ರಂಥಗಳು ಸೊಲ್ಲಾಪುರದಿಂದ ಪುಸ್ತಕರೂಪದಲ್ಲಿ ಹೊರಬಂದವು. ಸೊಲ್ಲಾಪುರದಲ್ಲಿ ಇಂದ್ರಭುವನವೆಂಬ ಭವ್ಯ ಕಟ್ಟಡವನ್ನು ಕಟ್ಟಿಸಿದವರೂ ಅವರೇ. ಕಟ್ಟಡವನ್ನು ನೋಡಿ ಹೊಗಳುವವರು ಬಹಳ. ಆದರೆ ಅವರು ಅಚ್ಚು ಹಾಕಿಸಿದ ಪುಸ್ತಕಗಳು ಆ ಕಟ್ಟಡಕ್ಕಿಂತ ಹೆಚ್ಚು ದೂರ ಹೋದವು. ಸ್ವಾಮಿಗಳ ಸಂಕಲ್ಪ ಒಂದು ಕಡೆ, ವರ್ತಕರ ದಾಸೋಹ ಇನ್ನೊಂದು ಕಡೆ. ಎರಡೂ ಇದ್ದುದರಿಂದಲೇ ಆ ಪೀಳಿಗೆಯ ಕೆಲಸ ಸಾಗಿತು.

ಮಲಪ್ರಭೆಯ ದಂಡೆಯ ಶಿವಯೋಗಮಂದಿರ

ಸಭೆ ಕೂಡಿ ಚದುರಿದರೆ ಕೆಲಸವಾಗುವುದಿಲ್ಲ, ಜನರನ್ನು ತಯಾರಿಸುವ ಒಂದು ಸ್ಥಳ ಬೇಕೆಂದು ಶ್ರೀಗಳಿಗೆ ಅನಿಸಿತು. 1909ರಲ್ಲಿ, ಇಳಕಲ್ಲಿನ ವಿಜಯ ಮಹಾಂತ ಶಿವಯೋಗಿಗಳ ಬೆಂಬಲದೊಂದಿಗೆ, ಬಾದಾಮಿಯ ಹತ್ತಿರ ಮಲಪ್ರಭಾ ನದಿಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಹಾಕೂಟ, ಪಟ್ಟದಕಲ್ಲು, ಐಹೊಳೆಗಳ ಸೀಮೆಯಾದ ಆ ನೆಲಕ್ಕೆ ಶಿವಭಕ್ತಿ ಹೊಸದಲ್ಲ. ಆದರೆ ಮಠಾಧಿಪತಿಗಳಾಗುವವರಿಗಾಗಿಯೇ ಶಿಕ್ಷಣ ಕೊಡುವ ಸಂಸ್ಥೆ ನಮ್ಮ ಸಮಾಜಕ್ಕೆ ಹೊಸದು.

ಅಲ್ಲಿಗೆ ಮಠಗಳ ಮರಿಗಳು ಬಂದರು. ಕನ್ನಡ, ಸಂಸ್ಕೃತ, ಸಂಗೀತ, ಯೋಗ, ಪ್ರವಚನ ಎಲ್ಲದರ ಅಭ್ಯಾಸ ನಡೆಯಿತು. ಗೋಶಾಲೆಯಾಯಿತು. ಗೋಮಯದಿಂದ ಶಾಸ್ತ್ರೋಕ್ತ ವಿಭೂತಿ ತಯಾರಿಸುವ ಕೆಲಸ ಶುರುವಾಯಿತು. ಶಿವಯೋಗಮಂದಿರದ ವಿಭೂತಿ ಇಂದಿಗೂ ಹೆಸರುವಾಸಿ. ಮಠಗಳ ಅಟ್ಟದಲ್ಲಿದ್ದ ತಾಳೆಗರಿಗಳನ್ನು ಕೂಡಿಸಿ ಗ್ರಂಥಭಂಡಾರ ಕಟ್ಟಿದರು. ಹುಡುಗ ಬೆಳಗಿನ ಜಾವ ಏಳಬೇಕು, ಸ್ನಾನ ಮಾಡಬೇಕು, ಲಿಂಗಪೂಜೆ ಮಾಡಬೇಕು, ಪಾಠ ಒಪ್ಪಿಸಬೇಕು, ಕಾಯಕ ಮಾಡಬೇಕು. ವಿದ್ಯೆ ಬೇರೆ, ಆಚಾರ ಬೇರೆ ಎಂಬ ಭೇದ ಅಲ್ಲಿರಲಿಲ್ಲ.

ಸಂಸ್ಕೃತ ಪಾಠವೆಂದರೆ ಏನೆಂಬುದನ್ನು ಅದನ್ನು ಕಾಣದ ಭಕ್ತರಿಗಾಗಿ ಸ್ವಲ್ಪ ಹೇಳುತ್ತೇವೆ. ಈ ಕ್ರಮ ಎಲ್ಲ ಸಾಂಪ್ರದಾಯಿಕ ಪಾಠಶಾಲೆಗಳಿಗೂ ಸಾಮಾನ್ಯವಾದದ್ದು. ಮೊದಲು ಶಬ್ದ. ರಾಮ ಎಂಬ ಒಂದು ಶಬ್ದಕ್ಕೆ ಸಂಬೋಧನೆಯೂ ಸೇರಿ ಎಂಟು ವಿಭಕ್ತಿ, ಒಂದೊಂದಕ್ಕೆ ಮೂರು ವಚನ, ಒಟ್ಟು 24 ರೂಪ. ಕನ್ನಡದಲ್ಲಿ ಏಕವಚನ ಬಹುವಚನ ಎರಡೇ, ಸಂಸ್ಕೃತದಲ್ಲಿ ಇಬ್ಬರಿಗೆ ದ್ವಿವಚನವೂ ಉಂಟು. ಆಮೇಲೆ ಹತ್ತು ಗಣಗಳ ಧಾತುಗಳು. ಜೊತೆಗೆ ಮೂರು ಕಾಂಡಗಳ ಅಮರಕೋಶ ಬಾಯಿಪಾಠ. ಅಲ್ಲಿಂದ ಸಂಧಿ, ಸಮಾಸ, ವ್ಯಾಕರಣ. ನಂತರ ಕಾಳಿದಾಸನ ರಘುವಂಶದಂಥ ಕಾವ್ಯ, ಬುದ್ಧಿಯ ಮೊನೆ ಚೂಪಾಗಲು ತರ್ಕಸಂಗ್ರಹ. ಇಷ್ಟು ದಾಟಿದವನು ಮಾತ್ರ ಉಪನಿಷತ್ತು, ಆಗಮ, ಭಾಷ್ಯಗಳ ಬಾಗಿಲಿಗೆ ಬರುತ್ತಾನೆ. ಜೋಳ ಬಿತ್ತಿದ ದಿನವೇ ಸುಗ್ಗಿ ಮಾಡಲಾಗುವುದಿಲ್ಲ. ಐದಾರು ವರ್ಷ ಕೂತು ಕಲಿತರೆ ಒಂದು ಗ್ರಂಥ ಕೈವಶವಾದೀತು.

ಹಾಗೆ ಕೈವಶವಾಗಬೇಕಾದ ಗ್ರಂಥಗಳಲ್ಲಿ ಸಿದ್ಧಾಂತ ಶಿಖಾಮಣಿ ಮುಖ್ಯವಾದದ್ದು. ಶಿವಯೋಗಿ ಶಿವಾಚಾರ್ಯರ ಈ ಕೃತಿಯಲ್ಲಿ 21 ಪರಿಚ್ಛೇದಗಳಿವೆ. ಷಟ್‌ಸ್ಥಲವನ್ನು ಬಿಡಿಸಿ ಅಂಗಸ್ಥಲ 44, ಲಿಂಗಸ್ಥಲ 57, ಒಟ್ಟು 101 ಸ್ಥಲಗಳನ್ನು ವಿವರಿಸಿದ್ದಾರೆ. ಮರಿತೋಂಟದಾರ್ಯರು ಇದಕ್ಕೆ ವ್ಯಾಖ್ಯಾನ ಬರೆದರು. ಕಾಮಿಕದಿಂದ ವಾತುಲದವರೆಗೆ ಶೈವಾಗಮಗಳು 28 ಎಂದು ಎಣಿಕೆ. ಇವುಗಳ ಕಾಲ ಯಾವುದು, ಶರಣರಿಗಿಂತ ಮೊದಲಿನವೋ ನಂತರದವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಮಾಜದಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳ ಕುರಿತು ನಡೆದಿರುವ ಚರ್ಚೆಯೂ ಇದಕ್ಕೆ ತಗಲಿಕೊಂಡಿದೆ. ಆ ಚರ್ಚೆಗೆ ಈ ಲೇಖನದಲ್ಲಿ ನಾವು ಇಳಿಯುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇವೆ. ಒಪ್ಪುವವರಾಗಲಿ ಒಪ್ಪದವರಾಗಲಿ, ಗ್ರಂಥ ಓದಬಲ್ಲವರು ಮಾತಾಡಿದರೆ ಅದು ವಿಚಾರವಾಗುತ್ತದೆ. ಓದದವರು ಮಾತಾಡಿದರೆ ಜಗಳವಾಗುತ್ತದೆ.

ಕಣ್ಣಿಲ್ಲದ ಮಕ್ಕಳಿಗೆ ವಿದ್ಯೆಯ ಕಣ್ಣು

ಕುಮಾರ ಶಿವಯೋಗಿಗಳು ವಿದ್ಯೆಯನ್ನು ಹೇಗೆ ಕಂಡರು ಎಂಬುದಕ್ಕೆ ಪಂಚಾಕ್ಷರ ಗವಾಯಿಗಳ ಚರಿತ್ರೆಗಿಂತ ದೊಡ್ಡ ಸಾಕ್ಷಿ ಬೇಡ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಹುಡುಗನಿಗೆ ಕಣ್ಣಿರಲಿಲ್ಲ, ಅವನ ಅಣ್ಣನಿಗೂ ಇರಲಿಲ್ಲ. ಬಡವರ ಮನೆಯ ಕಣ್ಣಿಲ್ಲದ ಮಕ್ಕಳಿಗೆ ಆ ಕಾಲದಲ್ಲಿ ಭಿಕ್ಷೆಯ ಹೊರತು ಬೇರೆ ದಾರಿ ಇರಲಿಲ್ಲ. ಶ್ರೀಗಳು ಆ ಮಕ್ಕಳ ಕಂಠವನ್ನು ಗುರುತಿಸಿ, ಕರೆತಂದು, ಸಂಗೀತ ಕಲಿಸಿದರು. ಹಿಂದುಸ್ತಾನಿ ಸಂಗೀತಕ್ಕಾಗಿ ನೀಲಕಂಠಬುವಾ ಮಿರಜಕರ ಅವರನ್ನು ಶಿವಯೋಗಮಂದಿರಕ್ಕೇ ಕರೆಸಿ ಪಾಠ ಹೇಳಿಸಿದರು. ಗದಿಗೆಯ್ಯನೇ ಪಂಚಾಕ್ಷರ ಗವಾಯಿಗಳಾಗಿ, ಊರೂರು ತಿರುಗುವ ಸಂಗೀತ ಶಾಲೆ ನಡೆಸಿ, ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರ ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಕಣ್ಣಿಲ್ಲದ ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥ ರಚಿಸಿ 2010ರವರೆಗೆ ಬಾಳಿದರು.

ಕಣ್ಣಿದ್ದೂ ಪುಸ್ತಕ ತೆರೆಯದ ನಾವು ಇದನ್ನು ಓದಿ ತಲೆತಗ್ಗಿಸಬೇಕು. ಮುಲ್ಕಿಯಲ್ಲಿ ನಪಾಸಾದ ಹುಡುಗನೊಬ್ಬ ನೆಟ್ಟ ಸಸಿ ನೂರು ವರ್ಷ ದಾಟಿ ಫಲ ಕೊಟ್ಟಿತು.

ಕನ್ನಡವೂ ಬೇಕು, ಸಂಸ್ಕೃತವೂ ಬೇಕು

ಶ್ರೀಗಳು ಸಂಸ್ಕೃತವನ್ನು ಎತ್ತಿಹಿಡಿದು ಕನ್ನಡವನ್ನು ಕೆಳಗಿಟ್ಟರೇ? ಇಲ್ಲ. ಅವರು ತಾವೇ ಕನ್ನಡದಲ್ಲಿ ಹಾಡುಗಳನ್ನು ರಚಿಸಿದರು. ಜನರಿಗೆ ಪ್ರವಚನವಾಗುತ್ತಿದ್ದುದು ಕನ್ನಡದಲ್ಲಿ. ಬಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದದ್ದೂ, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದ್ದೂ ಇದೇ ಕಾಲದಲ್ಲಿ. ತಾಳೆಗರಿಯಲ್ಲಿ ಮಲಗಿದ್ದ ಕನ್ನಡ ವಚನಗಳನ್ನು ಎಬ್ಬಿಸಿದವರು ಒಬ್ಬರು, ಶಾಸ್ತ್ರ ಓದಬಲ್ಲ ಸ್ವಾಮಿಗಳನ್ನು ತಯಾರಿಸಿದವರು ಇನ್ನೊಬ್ಬರು. ಒಂದೇ ನೊಗದ ಎರಡು ಎತ್ತುಗಳು ಇವು. ಒಂದನ್ನು ಬಿಚ್ಚಿದರೆ ಬಂಡಿ ವಾರೆಯಾಗುತ್ತದೆ.

ಶರಣರು ವೈದಿಕ ಕರ್ಮಕಾಂಡವನ್ನು ಕಟುವಾಗಿ ಟೀಕಿಸಿದ್ದು ನಿಜ. ಆದರೆ ಓದದೆ ಟೀಕಿಸಲಿಲ್ಲ. ಚನ್ನಬಸವಣ್ಣನವರ ವಚನಗಳನ್ನು ನೋಡಿದರೆ ಅಲ್ಲಲ್ಲಿ ಸಂಸ್ಕೃತ ಶ್ಲೋಕಗಳ ಉದಾಹರಣೆ ಕಾಣುತ್ತದೆ. ತೆಲುಗು ನಾಡಿನ ಪಾಲ್ಕುರಿಕೆ ಸೋಮನಾಥರು ತೆಲುಗಿನಲ್ಲಿ ಬಸವಪುರಾಣ ಬರೆದರು, ಸಂಸ್ಕೃತದಲ್ಲಿ ಭಾಷ್ಯವನ್ನೂ ಬರೆದರು. ಅವರ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದನು. ಮರಾಠಿ ನಾಡಿನಲ್ಲಿ ಮನ್ಮಥ ಸ್ವಾಮಿಗಳ ಪರಮರಹಸ್ಯ ಇಂದಿಗೂ ಪಾರಾಯಣವಾಗುತ್ತದೆ. ಸೊನ್ನಲಿಗೆಯ ಸಿದ್ಧರಾಮರ ವಚನಗಳು ಕನ್ನಡದಲ್ಲಿವೆ, ಅವರ ಊರು ಇಂದು ಮಹಾರಾಷ್ಟ್ರದಲ್ಲಿದೆ. ಹಲವು ಭಾಷೆಗಳ ನಡುವೆ ಬಾಳುವುದು ಗಡಿನಾಡಿನ ನಮಗೆ ಶಾಪವೆಂದು ಕೆಲವರು ಹೇಳುತ್ತಾರೆ. ನಮ್ಮ ಧರ್ಮದ ಚರಿತ್ರೆ ನೋಡಿದರೆ ಅದು ವರವೂ ಆಗಬಲ್ಲದು.

ಆಗದೆ ಉಳಿದದ್ದು

ಮಹಾತ್ಮರ ಚರಿತ್ರೆ ಬರೆಯುವಾಗ ಆದದ್ದನ್ನು ಮಾತ್ರ ಹೇಳಿ ಆಗದ್ದನ್ನು ಬಿಡುವ ರೂಢಿಯಿದೆ. ಅದು ಸರಿಯಲ್ಲ. ಆ ಕಾಲದ ಪಾಠಶಾಲೆಗಳ ಸಂಸ್ಕೃತ ಶಿಕ್ಷಣ ಮುಖ್ಯವಾಗಿ ಮಠಕ್ಕೆ ಬರುವ ಜಂಗಮ ವಟುಗಳಿಗೆ ಮೀಸಲಾಗಿತ್ತು. ಒಕ್ಕಲಿಗನ ಮಗನಿಗೆ, ನೇಕಾರನ ಮಗನಿಗೆ, ಎಲ್ಲಕ್ಕೂ ಮಿಗಿಲಾಗಿ ಹೆಣ್ಣುಮಕ್ಕಳಿಗೆ ಆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಅಕ್ಕಮಹಾದೇವಿಯವರು ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳೊಡನೆ ಸರಿಸಮವಾಗಿ ವಾದ ಮಾಡಿದರೆಂದು ಹೇಳಿಕೊಳ್ಳುವ ಸಮಾಜಕ್ಕೆ ಇದು ಶೋಭೆಯಲ್ಲ. ಶ್ರೀಗಳು ತಮ್ಮ ಕಾಲದಲ್ಲಿ ಸಾಧ್ಯವಾದುದನ್ನು ಮಾಡಿದರು. ಉಳಿದುದನ್ನು ಮಾಡುವುದು ಅವರ ಹೆಸರು ಹೇಳುವವರ ಹೊಣೆ. ಈಗ ಅನೇಕ ಕಡೆ ಎಲ್ಲ ಮಕ್ಕಳಿಗೂ ವಿದ್ಯೆಯ ಬಾಗಿಲು ತೆರೆದಿದೆ. ಎಲ್ಲಿ ತೆರೆದಿಲ್ಲವೋ ಅಲ್ಲಿ ತೆರೆಯಬೇಕು.

ಲಿಂಗೈಕ್ಯ

ಮಂದಿರ ಸ್ಥಾಪಿಸಿದ ಮೇಲೆ ಸುಮಾರು ಇಪ್ಪತ್ತು ವರ್ಷ ಶ್ರೀಗಳು ಅದಕ್ಕಾಗಿಯೇ ದೇಹ ಸವೆಸಿದರು. ಹಾನಗಲ್ಲ ಮಠದ ಅಧಿಪತಿಗಳಾಗಿದ್ದರೂ ಪಲ್ಲಕ್ಕಿ, ಬಿರುದು, ಮೆರವಣಿಗೆಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಧಾನ್ಯ, ಹಣ ಕೂಡಿಸಿ ಮಂದಿರಕ್ಕೆ ತಂದರು. 1930ರ ಫೆಬ್ರುವರಿ 19ರಂದು, ಅರವತ್ತೆರಡನೆಯ ವಯಸ್ಸಿನಲ್ಲಿ, ಶಿವಯೋಗಮಂದಿರದಲ್ಲಿಯೇ ಲಿಂಗೈಕ್ಯರಾದರು. ಅವರ ಗದ್ದುಗೆ ಅಲ್ಲಿಯೇ ಇದೆ. ಅಲ್ಲಿ ಕಲಿತು ಹೋದವರು ನಾಡಿನ ನೂರಾರು ಮಠಗಳ ಗದ್ದುಗೆ ಏರಿದರು. ಅವರಲ್ಲಿ ಅನೇಕರು ಶಾಲೆ, ಕಾಲೇಜು, ಪ್ರಸಾದನಿಲಯಗಳನ್ನು ಕಟ್ಟಿದರು. ಒಬ್ಬ ಗುರು ಕಲಿತರೆ ಒಂದು ಸೀಮೆ ಕಲಿಯುತ್ತದೆ ಎಂಬ ಅವರ ನಂಬಿಕೆ ಸುಳ್ಳಾಗಲಿಲ್ಲ.

ಭಕ್ತರಲ್ಲಿ ನಮ್ಮ ವಿನಂತಿ

ಎಲ್ಲ ಮಕ್ಕಳೂ ಸಂಸ್ಕೃತ ಪಂಡಿತರಾಗಬೇಕೆಂದು ನಾವು ಹೇಳುವುದಿಲ್ಲ, ಅದು ಆಗುವ ಮಾತೂ ಅಲ್ಲ. ಮೊದಲು ಮನೆಯಲ್ಲಿ ಕನ್ನಡ ಉಳಿಯಬೇಕು. ರಾತ್ರಿ ಊಟಕ್ಕೆ ಮೊದಲು ಒಂದು ವಚನವನ್ನು ಮಗುವಿನ ಬಾಯಿಂದ ಓದಿಸಿರಿ. ಕನ್ನಡ ಶಾಲೆ ಇಲ್ಲದ ಊರಿನಲ್ಲಿ ಮಠದ ಪಡಸಾಲೆಯೇ ಕನ್ನಡ ಶಾಲೆಯಾಗಲಿ. ಅಕ್ಷರ ತಿದ್ದಿಸಲು ವಾರಕ್ಕೆ ಎರಡು ಸಂಜೆ ಸಾಕು.

ಎರಡನೆಯದಾಗಿ, ಊರಿಗೆ ಒಬ್ಬರಾದರೂ ನಮ್ಮ ಗ್ರಂಥಗಳನ್ನು ಮೂಲದಲ್ಲಿ ಓದಬಲ್ಲವರು ಇರಲಿ. ಮಹಾರಾಷ್ಟ್ರ, ಕೇರಳಗಳ ಶಾಲೆಗಳಲ್ಲಿ ಸಂಸ್ಕೃತವನ್ನು ಆಯ್ದುಕೊಳ್ಳುವ ಅವಕಾಶವುಂಟು. ಆಸಕ್ತಿಯಿರುವ ಮಗನಿರಲಿ, ಮಗಳಿರಲಿ, ಅಂಕಗಳಿಗಾಗಿ ಮಾತ್ರ ಓದದೆ ಅರ್ಥಕ್ಕಾಗಿ ಓದುವಂತೆ ನೋಡಿಕೊಳ್ಳಿರಿ. ಮೂರನೆಯದಾಗಿ, ಮನೆಯ ಅಟ್ಟದಲ್ಲಿ, ಊರ ಮಠದ ಪೆಟ್ಟಿಗೆಯಲ್ಲಿ ತಾಳೆಗರಿ ಅಥವಾ ಹಳೆಯ ಕೋರಿಕಾಗದದ ಕಟ್ಟುಗಳಿದ್ದರೆ ನದಿಗೆ ಬಿಡಬೇಡಿರಿ, ಗುಜರಿಗೆ ಹಾಕಬೇಡಿರಿ. ಬಲ್ಲವರಿಗೆ ತೋರಿಸಿರಿ. ಅದರಲ್ಲಿ ಏನಿದೆಯೋ ಓದಿ ನೋಡಿದ ಮೇಲೆಯೇ ತಿಳಿಯುವುದು.

ಹೊಲದ ಕಾಗದವನ್ನು ನಾವೇ ಓದಬೇಕು, ಅಂಗಡಿಯ ಕಿರ್ದಿಯನ್ನು ನಾವೇ ಓದಬೇಕು. ಧರ್ಮದ ದಸ್ತಾವೇಜನ್ನು ಮಾತ್ರ ಬೇರೆಯವರ ಕೈಗೆ ಕೊಟ್ಟು ಕೂಡುವುದು ಸಲ್ಲದು. ಇದಕ್ಕಾಗಿಯೇ ಕುಮಾರ ಶಿವಯೋಗಿಗಳು ಜೋಳಿಗೆ ಹಿಡಿದರು. ಆ ಜೋಳಿಗೆಗೆ ನಮ್ಮ ಮನೆಯಿಂದ ಒಂದು ಮಗುವಿನ ಓದನ್ನು ಹಾಕಿದರೆ ಅದೇ ಅವರಿಗೆ ಸಲ್ಲಿಸುವ ಭಿಕ್ಷೆ.